ಬಸ್ಸಿನಿಂದಿಳಿದು ಬೆಟ್ಟಕ್ಕೆ

ದೂರದ ಬೆಟ್ಟ ನುಣ್ಣಗೆ ಎಂಬುದು ಕನ್ನಡಿಗರೆಲ್ಲರೂ ಬಲ್ಲ ಗಾದೆ. ಆದರೆ ಕೋಲಾರ ಜಿಲ್ಲೆಯ ಬೆಟ್ಟಗಳಿಗೆ ಈ ಮಾತು ಅಷ್ಟಾಗಿ ಒಪ್ಪುವುದಿಲ್ಲ. ಅವು ದೂರದಿಂದಲೂ ಒರಟಾಗಿಯೇ ಕಾಣುತ್ತವೆ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಬಂಡೆಗಳು, ಅವುಗಳ ಸಂದುಗಳಲ್ಲಿ ಬೆಳೆದ ಮುಳ್ಳುಪೊದೆಗಳು, ತಪ್ಪಲಿನಲ್ಲಿ ಕೆಂಪುಮಣ್ಣಿನ ಹೊಲಗಳು. ಇಷ್ಟನ್ನು ಕಂಡು ಇದೊಂದು ಬರಡು ನಾಡೆಂದು ಮುಖ ತಿರುಗಿಸುವವರೇ ಹೆಚ್ಚು. ಬೆಂಗಳೂರಿನಿಂದ ಪೂರ್ವಕ್ಕೆ ಸಾಗುವ ಹೆದ್ದಾರಿಯಲ್ಲಿ ವೇಗವಾಗಿ ಹಾದುಹೋಗುವವನಿಗೆ ಇದಕ್ಕಿಂತ ಹೆಚ್ಚೇನೂ ತೋರದು. ಈ ಬೆಟ್ಟಗಳನ್ನು ಅರಿಯಬೇಕಾದರೆ ನಡೆಯಬೇಕು. ಆ ನಡಿಗೆಗೆ ತಕ್ಕ ವಾಹನವು ಸ್ವಂತದ ಕಾರಲ್ಲ, ಎಲ್ಲರೂ ಏರುವ ಬಸ್ಸು ಮತ್ತು ರೈಲು.

ಬಂಡೆಗಳ ನಾಡಿನಲ್ಲಿ ನಡೆಯುವುದೆಂದರೆ ನೀರಿನ ಕೆಲಸವನ್ನು ನೋಡುವುದು. ಸುಣ್ಣಕಲ್ಲಿನ ಪ್ರದೇಶಗಳಲ್ಲಿ ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳುವಾದ ಆಮ್ಲವಾಗುತ್ತದೆ. ಅದು ಕಲ್ಲನ್ನೇ ಕರಗಿಸಿ ಗವಿಗಳನ್ನೂ ಶಿಖರಗಳನ್ನೂ ನಿರ್ಮಿಸುತ್ತದೆ. ಯುರೋಪಿನ ಸ್ಲೊವೇನಿಯ ಹಾಗೂ ಇಟಲಿ ದೇಶಗಳ ಗಡಿಯಲ್ಲಿರುವ ಒಂದು ಪ್ರಸ್ಥಭೂಮಿಯ ಹೆಸರಿನಿಂದ ಇಂತಹ ನೆಲಕ್ಕೆ ಕಾರ್ಸ್ಟ್ ಎಂಬ ಹೆಸರು ಬಂದಿದೆ. ಉತ್ತರ ಕನ್ನಡ ಜಿಲ್ಲೆಯ ಯಾಣದ ಕಪ್ಪು ಶಿಖರಗಳು ಸುಣ್ಣಕಲ್ಲಿನವು. ಕೋಲಾರದ ಬಂಡೆಗಳಾದರೋ ಗ್ರಾನೈಟ್ ಮತ್ತು ನೈಸ್ ಜಾತಿಯವು. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚು. ಈ ಕಲ್ಲು ಸುಣ್ಣಕಲ್ಲಿನಂತೆ ಕರಗುವುದಿಲ್ಲ. ಆದರೆ ಅದರ ಬಿರುಕುಗಳಿಗೆ ಇಳಿದ ನೀರು ಕಲ್ಲಿನೊಳಗಿನ ಕೆಲವು ಖನಿಜಗಳನ್ನು ನಿಧಾನವಾಗಿ ಜೇಡಿಯಾಗಿ ಮಾರ್ಪಡಿಸುತ್ತದೆ. ಮೂಲೆಗಳು ಮೊದಲು ಸವೆದು ಚೌಕಬಂಡೆಯು ಗುಂಡಾಗುತ್ತದೆ. ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋದಾಗ ಬಂಡೆಗಳು ಮಾತ್ರ ರಾಶಿಯಾಗಿ ಉಳಿಯುತ್ತವೆ. ಕೋಲಾರ ನಗರದ ಪಕ್ಕದ ಶತಶೃಂಗ ಬೆಟ್ಟಸಾಲಿನಲ್ಲಿರುವ ಅಂತರಗಂಗೆಯ ಗವಿಗಳು ಹೀಗೆ ಉರುಳಿ ಒರಗಿದ ಬಂಡೆಗಳ ನಡುವಣ ಸಂದುಗಳೇ ಆಗಿವೆ.

ಇಂತಹ ಸ್ಥಳಗಳನ್ನು ತಲುಪಲು ಸ್ವಂತ ವಾಹನವು ಬೇಕೇಬೇಕೆಂಬ ಭಾವನೆ ಇಂದು ಬೆಳೆದಿದೆ. ಅದು ಸರಿಯಲ್ಲ. ಬೆಂಗಳೂರಿನಿಂದ ಕೋಲಾರವು 70 ಕಿಲೋಮೀಟರಿಗೂ ಕಡಮೆ ದೂರದಲ್ಲಿದೆ. ಬಸ್ ನಿಲ್ದಾಣದಿಂದ ಅಂತರಗಂಗೆಯ ಮೆಟ್ಟಿಲುಗಳು ಕೆಲವೇ ಕಿಲೋಮೀಟರು. ಅದೇ ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ಮುಳಬಾಗಿಲು ಸಿಗುತ್ತದೆ. ಡಿ. ವಿ. ಗುಂಡಪ್ಪನವರು ಹುಟ್ಟಿದ ಆ ಊರಿನ ಬೆನ್ನಿಗೇ ಬಂಡೆಗಳ ಬೆಟ್ಟವಿದೆ. 1768ರಲ್ಲಿ ಹೈದರಾಲಿಯ ಸೈನ್ಯಕ್ಕೂ ಇಂಗ್ಲಿಷರಿಗೂ ಅಲ್ಲಿ ಕಾಳಗ ನಡೆಯಿತು. ಆ ತಾಲ್ಲೂಕಿನ ಆವನಿಯಲ್ಲಿ ನೊಳಂಬರ ಕಾಲದ ದೇವಾಲಯಗಳೂ, ಲವಕುಶರ ಕಥೆಯನ್ನು ಹೊತ್ತ ಬೆಟ್ಟವೂ ಇವೆ. ಮಾಲೂರು ತಾಲ್ಲೂಕಿನ ಟೇಕಲ್‌ಗೆ ರೈಲಿನಲ್ಲಿಯೇ ಹೋಗಬಹುದು. ಅಲ್ಲಿನ ಬಂಡೆಗುಡ್ಡಗಳು ಕಾಲ್ನಡಿಗೆಯ ದೂರದಲ್ಲಿವೆ. ಕೋಲಾರದಿಂದ ಉತ್ತರಕ್ಕೆ ಶ್ರೀನಿವಾಸಪುರದತ್ತ ಹೋಗುವ ರೈಲುಮಾರ್ಗವು ಮಾವಿನ ತೋಪುಗಳ ಸೀಮೆಯನ್ನು ಹೊಗುತ್ತದೆ. ಬೆಟ್ಟದಲ್ಲಿ ಸವೆದ ಕಲ್ಲು ಬಯಲಿನಲ್ಲಿ ಮರಳುಮಿಶ್ರಿತ ಕೆಂಪುಮಣ್ಣಾಗಿ, ಆ ಮಣ್ಣು ಮಾವಿನ ಬೇರಿಗೆ ನೆಲೆಯಾಗಿರುವುದನ್ನು ಅಲ್ಲಿ ಕಾಣಬಹುದು.

ಬಸ್ಸಿನಲ್ಲಿ ಬಂದ ಚಾರಣಿಗನಿಗೆ ಕಾರಿನವನಿಗಿಲ್ಲದ ಒಂದು ಸ್ವಾತಂತ್ರ್ಯವಿದೆ. ಕಾರನ್ನು ತಪ್ಪಲಿನಲ್ಲಿ ನಿಲ್ಲಿಸಿದವನು ಎಷ್ಟು ದೂರ ಹೋದರೂ ಅದು ನಿಂತಿರುವಲ್ಲಿಗೇ ಹಿಂದಿರುಗಬೇಕು. ಆದುದರಿಂದ ಅವನು ಬೆಟ್ಟವನ್ನು ಹತ್ತಿ ಇಳಿಯುತ್ತಾನೆಯೇ ಹೊರತು ದಾಟುವುದಿಲ್ಲ. ಬಸ್ಸಿನವನಿಗೆ ಈ ಕಟ್ಟಿಲ್ಲ. ಅವನು ಅಂತರಗಂಗೆಯ ಕಡೆಯಿಂದ ಏರಿ, ಬೆಟ್ಟದ ಮೇಲಿನ ತೇರಹಳ್ಳಿಯಂತಹ ಊರುಗಳ ಹೊಲಗಳ ಬದಿಯಲ್ಲಿ ನಡೆದು, ಮತ್ತೊಂದು ಮಗ್ಗುಲಿನ ಹಳ್ಳಿಗೆ ಇಳಿದು ಅಲ್ಲಿಯ ಬಸ್ಸನ್ನು ಹಿಡಿಯಬಹುದು. ಬೆಟ್ಟದ ಎರಡು ಮುಖಗಳನ್ನೂ ಕಂಡವನಿಗೇ ಅದರ ಆಕಾರವು ತಿಳಿಯುತ್ತದೆ.

ಪ್ರಯಾಣವೂ ಒಂದು ಪಾಠವೇ. ಹಳ್ಳಿಯ ಬಸ್ಸಿನಲ್ಲಿ ಸೊಪ್ಪಿನ ಮೂಟೆ, ಹೂವಿನ ಬುಟ್ಟಿ, ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟ ಮುದುಕರು ಎಲ್ಲರಿಗೂ ಜಾಗವಿರುತ್ತದೆ. ದಾರಿ ಯಾವುದು, ನೀರು ಎಲ್ಲಿ ಸಿಗುತ್ತದೆ, ಯಾವ ಗವಿಯೊಳಗೆ ಹೋಗಬಾರದು ಎಂಬುದನ್ನು ಪಕ್ಕದಲ್ಲಿ ಕುಳಿತ ರೈತನು ಯಾವ ನಕ್ಷೆಗಿಂತಲೂ ಚೆನ್ನಾಗಿ ಹೇಳಬಲ್ಲನು. ಅಲ್ಲದೆ, ಬೆಟ್ಟವನ್ನು ನೋಡುವ ಭಾಗ್ಯವು ವಾಹನವುಳ್ಳವರಿಗೆ ಮಾತ್ರ ಮೀಸಲಾಗಬಾರದು. ಮೈಸೂರು ಸರ್ಕಾರವು 1948ರಲ್ಲಿ ಆರಂಭಿಸಿದ ರಸ್ತೆ ಸಾರಿಗೆಯು 1961ರಲ್ಲಿ ನಿಗಮವಾಗಿ, ಕ್ರಮೇಣ ಹಳ್ಳಿಹಳ್ಳಿಗಳನ್ನು ಮುಟ್ಟಿತು. 2023ರ ಜೂನ್ ತಿಂಗಳಿನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಸೌಲಭ್ಯವೂ ದೊರೆತಿದೆ. ಹಣವಿಲ್ಲವೆಂಬ ಕಾರಣಕ್ಕೆ ತನ್ನ ಜಿಲ್ಲೆಯ ಬೆಟ್ಟವನ್ನೇ ಕಾಣದೆ ಉಳಿಯುವ ವಿದ್ಯಾರ್ಥಿನಿಗೆ ಇದು ಸಣ್ಣ ಮಾತಲ್ಲ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಒಳನಾಡಿನ ಎಷ್ಟೋ ಹಳ್ಳಿಗಳಿಗೆ ದಿನಕ್ಕೆ ಕೆಲವೇ ಬಸ್ಸುಗಳು. ಕೊನೆಯ ಬಸ್ಸು ತಪ್ಪಿದರೆ ಕತ್ತಲಲ್ಲಿ ನಡೆಯಬೇಕಾದೀತು. ಈ ಮಾತು ನಿಜ. ಆದರೆ ಅದಕ್ಕೆ ಪರಿಹಾರವು ಬಸ್ಸನ್ನು ತೊರೆಯುವುದಲ್ಲ. ಜನರು ಏರದ ಬಸ್ಸು ಬಹುಕಾಲ ಓಡುವುದಿಲ್ಲ. ಅದು ನಿಂತುಹೋದ ದಿನ ಚಾರಣಿಗನಿಗೆ ಒಂದು ಭಾನುವಾರ ನಷ್ಟವಾದರೆ, ಹಳ್ಳಿಯ ಬಾಲಕಿಗೆ ಶಾಲೆಯೇ ನಷ್ಟವಾಗಬಹುದು. ಹೊರಡುವ ಮುನ್ನ ಬಸ್ಸಿನ ವೇಳೆಯನ್ನು ವಿಚಾರಿಸಿ, ಬಿಸಿಲೇರುವ ಮೊದಲೇ ಹತ್ತಿ, ಕೊನೆಯ ಬಸ್ಸಿಗಿಂತ ಒಂದು ಬಸ್ಸು ಮುಂಚೆಯೇ ಹಿಂದಿರುಗುವಂತೆ ಯೋಜಿಸಿದರೆ ಅಪಾಯವು ದೂರವಾಗುತ್ತದೆ. ಒಬ್ಬೊಬ್ಬರೇ ಹೋಗಬಾರದು, ಹಿರಿಯರೊಬ್ಬರು ಜೊತೆಯಲ್ಲಿರಬೇಕು, ದಾರಿ ಬಲ್ಲವರಿಲ್ಲದೆ ಗವಿಗಳನ್ನು ಹೊಗಬಾರದು. ಕಾಲಕ್ಕೆ ತಕ್ಕಂತೆ ನಡೆಯುವ ಈ ಶಿಸ್ತು ಜೀವನದಲ್ಲಿಯೂ ಉಪಯುಕ್ತವಾದುದೇ.

ಈ ನಡಿಗೆಯು ಬರಿಯ ವಿನೋದವಲ್ಲ ಎಂಬುದಕ್ಕೆ ಇನ್ನೂ ಗಂಭೀರವಾದ ಕಾರಣವೊಂದುಂಟು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯು ಶತಮಾನಗಳಿಂದ ಕೆರೆಗಳನ್ನು ನಂಬಿ ಬಾಳಿದೆ. ಬೋಳುಬಂಡೆಯ ಮೇಲೆ ಬಿದ್ದ ಮಳೆಯು ಹಳ್ಳಗಳಲ್ಲಿ ಕೂಡಿ, ಕುಂಟೆಗಳನ್ನು ತುಂಬಿ, ಕೆರೆಯಿಂದ ಕೆರೆಗೆ ಕೋಡಿಬಿದ್ದು ಸಾಗುತ್ತದೆ. ಬೆಟ್ಟದ ನೆತ್ತಿಯ ಮೇಲೆ ನಿಂತವನಿಗೆ ಈ ಸಂಬಂಧವು ಕಣ್ಣಿಗೆ ಕಟ್ಟುತ್ತದೆ. ಕೆಳಗಿನಿಂದ ಬರಡೆಂದು ತೋರಿದ ಬಂಡೆಯೇ ಕೆರೆಗೆ ನೀರನ್ನು ಕೊಡುವ ಸೂರು. ಆ ಬಂಡೆಗಳನ್ನು ಇಂದು ಹಲವೆಡೆ ಒಡೆಯಲಾಗುತ್ತಿದೆ. ಕಲ್ಲಿನ ಕೆಲಸವು ಈ ಸೀಮೆಗೆ ಹೊಸದೇನಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಕಲ್ಲಿನಿಂದಲೇ ಕೀರ್ತಿಯನ್ನು ಪಡೆದಿದ್ದಾರೆ. ಮನೆಗೆ ಚಪ್ಪಡಿಯೂ ತೋಟಕ್ಕೆ ಕಲ್ಲುಕಂಬವೂ ಬೇಕು. ಕಲ್ಲು ಒಡೆದು ಹೊಟ್ಟೆ ಹೊರೆಯುವ ಕುಟುಂಬಗಳೂ ಇವೆ. ಆದರೆ ಉಳಿಯಿಂದ ಎಬ್ಬಿಸಿದ ಚಪ್ಪಡಿಗೂ, ಯಂತ್ರವು ನುಂಗಿ ಜಲ್ಲಿಯಾಗಿಸಿದ ಗುಡ್ಡಕ್ಕೂ ಬಹಳ ಅಂತರವಿದೆ. ಕೋಟ್ಯಂತರ ವರ್ಷಗಳಲ್ಲಿ ಮೂಡಿದ ಬಂಡೆಯು ಒಮ್ಮೆ ಪುಡಿಯಾದರೆ ಮತ್ತೆ ಬೆಳೆಯುವುದಿಲ್ಲ.

ಯಾವ ಗುಡ್ಡವನ್ನು ಒಡೆಯಬಹುದು, ಯಾವುದನ್ನು ಉಳಿಸಬೇಕು ಎಂದು ಮುಂದೆ ನಿರ್ಧರಿಸುವವರು ಇಂದಿನ ವಿದ್ಯಾರ್ಥಿಗಳೇ. ಕಾರಿನ ಕಿಟಕಿಯಿಂದ ಮಾತ್ರ ಬೆಟ್ಟವನ್ನು ಕಂಡವರು ಅದನ್ನು ಕಲ್ಲಿನ ರಾಶಿಯೆಂದೇ ಎಣಿಸುವರು. ಅದರ ಮೇಲೆ ನಡೆದು, ಬಂಡೆಯ ನೆರಳಿನಲ್ಲಿ ಬುತ್ತಿಯನ್ನುಂಡು, ಸಂಜೆ ಅದೇ ನೆಲದ ಜನರೊಡನೆ ಬಸ್ಸಿನಲ್ಲಿ ಹಿಂದಿರುಗಿದವರು ಹಾಗೆ ಎಣಿಸಲಾರರು. ಪ್ರತಿಯೊಂದು ಪ್ರೌಢಶಾಲೆಯೂ ವರ್ಷಕ್ಕೊಮ್ಮೆಯಾದರೂ, ದೂರದ ಊರುಗಳ ಪ್ರವಾಸಕ್ಕೆ ಬದಲಾಗಿ, ತನ್ನ ಊರಿನ ಬಸ್ಸು ತಲುಪುವ ಒಂದು ಬೆಟ್ಟಕ್ಕೆ ಮಕ್ಕಳನ್ನು ಕರೆದೊಯ್ಯುವುದು ಉಚಿತ. ಅದಕ್ಕೆ ತಗಲುವ ವೆಚ್ಚವು ಅಲ್ಪ. ಬೇಕಾದ ಸಾಧನಗಳು ಒಂದು ನೀರಿನ ಸೀಸೆ, ಒಂದು ಬುತ್ತಿ, ಗಟ್ಟಿಯಾದ ಪಾದರಕ್ಷೆ. ಹೋದವರು ಬಂಡೆಗಳ ಮೇಲೆ ಹೆಸರುಗಳನ್ನು ಕೆತ್ತದೆ, ಕಸವನ್ನು ಬಿಡದೆ ಹಿಂದಿರುಗಿದರೆ, ಅವರ ನಂತರ ಬರುವವರಿಗೂ ಬೆಟ್ಟವು ಬೆಟ್ಟವಾಗಿಯೇ ದೊರೆಯುತ್ತದೆ.