ಗಳಿಕೆಯ ದಾರಿಯಲ್ಲೇ ಪಾವಿತ್ರ್ಯದ ಪರೀಕ್ಷೆ

ಹಿಂದೆ ಸಮಾಜವೇ ದೇವರಿಗೆ ಹೆದರಿ ನಡೆಯುತ್ತಿತ್ತು, ಪವಿತ್ರ ಜೀವನ ಸುಲಭವಾಗಿತ್ತು; ಈಗಿನ ಲೌಕಿಕ ಜಗತ್ತಿನಲ್ಲಿ ಅದು ಕಷ್ಟ ಎಂಬ ಮಾತು ಕ್ರೈಸ್ತ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಕಚೇರಿಯಲ್ಲಿ ಪ್ರಾರ್ಥನೆಗೆ ಬಿಡುವಿಲ್ಲ, ಮೊಬೈಲ್ ತೆರೆದರೆ ಆಸೆ ಕೆರಳಿಸುವ ಸರಕೇ ಎಲ್ಲ. ಇದರ ನಡುವೆ ವಿಶ್ವಾಸಿ ಮೈಲಿಗೆಯಾಗದೆ ಉಳಿಯುವುದು ಹೇಗೆ ಎಂಬ ಆತಂಕ ಈ ಮಾತಿನ ಹಿಂದಿದೆ. ಆತಂಕ ಪ್ರಾಮಾಣಿಕವಾದದ್ದೇ, ಆದರೆ ಅಪಾಯ ಎಲ್ಲಿಂದ ಬರುತ್ತದೆ ಎಂದು ಗುರುತಿಸುವಲ್ಲಿ ಅದು ಎಡವುತ್ತದೆ. ನಾವು ಅನ್ನ ಸಂಪಾದಿಸುವ ರೀತಿ, ನಮ್ಮ ಗಳಿಕೆಗಾಗಿ ಬೆವರು ಸುರಿಸುವವರನ್ನು ನಡೆಸಿಕೊಳ್ಳುವ ರೀತಿ ಇವೇ ಪಾವಿತ್ರ್ಯದ ನಿಜವಾದ ಪರೀಕ್ಷೆ ಎಂಬುದು ನನ್ನ ವಾದ. ಸುತ್ತಲಿನ ಸಮಾಜ ದೇವರನ್ನು ನಂಬಿದ ಮಾತ್ರಕ್ಕೆ ಆ ಪರೀಕ್ಷೆಯಲ್ಲಿ ಯಾರೂ ಪಾಸಾಗುವುದಿಲ್ಲ.

ಇದಕ್ಕೆ 18ನೇ ಶತಮಾನದ ಇಂಗ್ಲೆಂಡಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಲ್ಲಿ ರಾಜನೇ ಚರ್ಚಿನ ಮುಖ್ಯಸ್ಥ, ಬಿಷಪ್ಪರು ಸಂಸತ್ತಿನ ಸದಸ್ಯರು. ಅದೇ ದೇಶದ ಹಡಗುಗಳು ಲಕ್ಷಾಂತರ ಆಫ್ರಿಕನ್ನರನ್ನು ಗುಲಾಮಗಿರಿಗೆ ಸಾಗಿಸಿದವು. ನಾವಿಕ ಜಾನ್ ನ್ಯೂಟನ್ 1748ರಲ್ಲಿ ಬಿರುಗಾಳಿಗೆ ಸಿಕ್ಕಿ ಬದುಕುಳಿದು ದೇವರ ಕಡೆಗೆ ತಿರುಗಿದ. ಬೈಗುಳ ಬಿಟ್ಟ, ಬೈಬಲ್ ಓದತೊಡಗಿದ. ಆದರೆ ಕಸುಬು ಬಿಡಲಿಲ್ಲ. 1754ರವರೆಗೂ ಗುಲಾಮರ ಹಡಗುಗಳಿಗೆ ಕ್ಯಾಪ್ಟನ್ ಆಗಿದ್ದ. ಭಾನುವಾರ ನಾವಿಕರನ್ನು ಸೇರಿಸಿ ಆರಾಧನೆ ನಡೆಸುತ್ತಿದ್ದ. ಹಡಗಿನ ಕೆಳ ಅಂತಸ್ತಿನಲ್ಲಿ ಸಂಕೋಲೆ ತೊಟ್ಟ ಮನುಷ್ಯರು ಒತ್ತೊತ್ತಾಗಿ ಮಲಗಿರುತ್ತಿದ್ದರು. ವ್ಯಕ್ತಿಯ ಕತೆ ಹೀಗಾದರೆ ಸಂಸ್ಥೆಯದು ಇನ್ನೂ ಘೋರ. ಸುವಾರ್ತೆ ಸಾರಲೆಂದೇ ಹುಟ್ಟಿದ ಆಂಗ್ಲಿಕನ್ ಸಂಘವೊಂದಕ್ಕೆ ಬಾರ್ಬಡೋಸ್ ದ್ವೀಪದ ಕಾಡ್ರಿಂಗ್ಟನ್ ಕಬ್ಬಿನ ತೋಟ ಉಯಿಲಿನ ಮೂಲಕ ಬಂತು. ಅಲ್ಲಿ ದುಡಿಯುತ್ತಿದ್ದ ಗುಲಾಮರ ಎದೆಯ ಮೇಲೆ ಕಾದ ಕಬ್ಬಿಣದಿಂದ ‘ಸೊಸೈಟಿ’ ಎಂದು ಬರೆ ಹಾಕಲಾಗುತ್ತಿತ್ತು. ಇಂಗ್ಲೆಂಡಿನ ಚರ್ಚು ಗುಲಾಮಗಿರಿಯಲ್ಲಿ ತನ್ನ ಪಾಲಿಗಾಗಿ ಕ್ಷಮೆ ಕೇಳಿದ್ದು 2006ರಲ್ಲಿ. ಚರ್ಚು, ಪ್ರಾರ್ಥನೆ ಯಾವುದಕ್ಕೂ ಕೊರತೆಯಿಲ್ಲದ ಸಮಾಜವೊಂದು ಹೀಗೆ ನಡೆದುಕೊಂಡಿತು.

ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ ಓದಿದವರಿಗೆ ಈ ತಪ್ಪಿನ ಮೂಲ ತಿಳಿಯುತ್ತದೆ. ದೇವರು ಪರಿಶುದ್ಧನಾಗಿರುವಂತೆ ನೀವೂ ಪರಿಶುದ್ಧರಾಗಿರಿ ಎಂಬ ಅಪ್ಪಣೆಯಿಂದ ತೊಡಗುವ ಅಧ್ಯಾಯ ಮುಂದೆ ಹೊಲಕ್ಕೂ ಸಂತೆಗೂ ಇಳಿಯುತ್ತದೆ: ಕೊಯ್ಲಿನಲ್ಲಿ ಉದುರಿದ ತೆನೆ ಬಡವರಿಗೆ ಬಿಡಬೇಕು, ಆಳಿನ ಕೂಲಿಯನ್ನು ರಾತ್ರಿ ಕಳೆಯುವವರೆಗೆ ಇಟ್ಟುಕೊಳ್ಳಬಾರದು, ತಕ್ಕಡಿ ನೆಟ್ಟಗಿರಬೇಕು, ಪರದೇಶಿಯನ್ನು ನಿನ್ನಂತೆಯೇ ಪ್ರೀತಿಸಬೇಕು. ಪಾವಿತ್ರ್ಯದ ಪರೀಕ್ಷೆ ದುಡಿಮೆಯಲ್ಲೇ ಎಂಬ ಈ ಅರಿವು ನ್ಯೂಟನ್‌ಗೆ ಬರಲು ದಶಕಗಳೇ ಹಿಡಿದವು. 1785ರಲ್ಲಿ, ಆತ ಪಾದ್ರಿಯಾಗಿದ್ದಾಗ, ಹೊಸದಾಗಿ ಭಕ್ತಿಗೆ ಒಲಿದ ಯುವ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ರಾಜಕೀಯ ಬಿಡಬೇಕೇ ಎಂಬ ತೊಳಲಾಟದಲ್ಲಿ ಅವನ ಬಳಿ ಬಂದ. ಸಂಸತ್ತಿನಲ್ಲೇ ಇದ್ದು ದೇವರ ಸೇವೆ ಮಾಡು ಎಂಬುದು ನ್ಯೂಟನ್ ಕೊಟ್ಟ ಸಲಹೆ. 1788ರಲ್ಲಿ ತಾನೇ ನಡೆಸಿದ ವ್ಯಾಪಾರದ ಕ್ರೌರ್ಯವನ್ನು ಪಶ್ಚಾತ್ತಾಪದಿಂದ ಬರೆದು ಪ್ರಕಟಿಸಿದ. ಗುಲಾಮರ ವ್ಯಾಪಾರದ ವಿರುದ್ಧ ವಿಲ್ಬರ್‌ಫೋರ್ಸ್ ತಂದ ಮಸೂದೆ 1791ರಲ್ಲಿ 88ಕ್ಕೆ 163 ಮತಗಳಿಂದ ಬಿದ್ದುಹೋಯಿತು. ಆ ವ್ಯಾಪಾರವನ್ನು ನಿಷೇಧಿಸುವ ಮಸೂದೆ 1807ರಲ್ಲಿ 16ರ ವಿರುದ್ಧ 283 ಮತಗಳಿಂದ ಗೆದ್ದಿತು. ನಡುವಿನ ವರ್ಷಗಳ ಸೋಲು, ಅಂಕಿಅಂಶ, ಸಾಕ್ಷ್ಯಗಳ ಸಂಗ್ರಹ ಇವೆಲ್ಲ ವಿಲ್ಬರ್‌ಫೋರ್ಸ್‌ನ ಪವಿತ್ರ ಜೀವನದ ಹೊರಗಿನ ಸಂಗತಿಗಳಾಗಿರಲಿಲ್ಲ.

ಹೀಗೆಂದರೆ ಧರ್ಮವನ್ನು ರಾಜಕೀಯಕ್ಕೆ ಎಳೆದು ತಂದಂತಾಗುವುದಿಲ್ಲವೇ ಎಂಬ ಆಕ್ಷೇಪವಿದೆ. ಅದು ತಳ್ಳಿಹಾಕುವಂಥದ್ದಲ್ಲ. ವಿಲ್ಬರ್‌ಫೋರ್ಸ್ ಮುಂದಾಳಾಗಿದ್ದ ಸಂಘವೊಂದೇ ಬೈಬಲನ್ನು ಟೀಕಿಸಿದ ಥಾಮಸ್ ಪೇನ್‌ನ ಪುಸ್ತಕ ಪ್ರಕಟಿಸಿದ ಥಾಮಸ್ ವಿಲಿಯಮ್ಸ್ ಎಂಬವನ ಮೇಲೆ 1797ರಲ್ಲಿ ಮೊಕದ್ದಮೆ ನಡೆಸಿ, ಅವನು ಜೈಲು ಸೇರುವಂತೆ ಮಾಡಿತು. ಒಬ್ಬನೇ ಮನುಷ್ಯ, ಒಂದೇ ಭಕ್ತಿ. ಆದರೆ ಎರಡು ಕೆಲಸಗಳ ನಡುವೆ ಅಜಗಜಾಂತರ. ಒಂದರಲ್ಲಿ ಆತ ಸಂಕೋಲೆ ಕಳಚಲು ಹೊರಟ. ಅದಕ್ಕೆ ಕೊಟ್ಟ ಕಾರಣ ಯಾವ ನಂಬಿಕೆಯವನಿಗೂ ಅರ್ಥವಾಗುವಂಥದ್ದು. ಇನ್ನೊಂದರಲ್ಲಿ ನಂಬದವನ ಬಾಯಿ ಕಟ್ಟಲು ಹೊರಟ. ಧರ್ಮನಿರಪೇಕ್ಷ ವ್ಯವಸ್ಥೆ ತಡೆಯುವುದು ಎರಡನೆಯದನ್ನು, ತಡೆಯಬೇಕಾದದ್ದೂ ಅದನ್ನೇ. ಮತ್ತೊಂದು ಆಕ್ಷೇಪ ವಿಶ್ವಾಸಿಗಳದೇ: ನ್ಯಾಯ, ಕೂಲಿ, ತಕ್ಕಡಿ ಎನ್ನುತ್ತಾ ಹೋದರೆ ಪ್ರಾರ್ಥನೆಗೆ ಏನು ಉಳಿಯಿತು? ನಾಸ್ತಿಕನೂ ಇದನ್ನೆಲ್ಲ ಮಾಡಬಲ್ಲನಲ್ಲ? ಮಾಡಬಲ್ಲ, ಮಾಡಿದರೆ ಸಂತೋಷವೇ. ಆದರೆ ಹದಿನಾರು ವರ್ಷಗಳ ಸೋಲಿನಲ್ಲೂ ಕಹಿಯಾಗದೆ ನಿಲ್ಲಲು, ತನ್ನ ಲಾಭದ ಮೂಲವನ್ನೇ ಅನುಮಾನದಿಂದ ನೋಡಲು ಬೇಕಾದ ಬಲವನ್ನು ವಿಶ್ವಾಸಿ ಪ್ರಾರ್ಥನೆಯಿಂದಲೇ ಪಡೆಯುತ್ತಾನೆ.

ನಮ್ಮ ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಯಾರ ಬಲವಂತವೂ ಇಲ್ಲದೆ ದೇವರನ್ನು ಆರಿಸಿಕೊಳ್ಳುವ ಅವಕಾಶ ಭಕ್ತಿಗೆ ಹಿತವಾದದ್ದೇ ಹೊರತು ಹಾನಿಯಲ್ಲ. ಆದ್ದರಿಂದ ಇಲ್ಲಿನ ಕ್ರೈಸ್ತರು ಲೋಕ ಕೆಟ್ಟಿತೆಂದು ಮರುಗುವ ಮೊದಲು ತಮ್ಮ ಲೆಕ್ಕದ ಪುಸ್ತಕ ತೆರೆಯಬೇಕು. ಸಭೆ ನಡೆಸುವ ಶಾಲೆ ಶಿಕ್ಷಕರಿಂದ ಸಹಿ ಹಾಕಿಸಿಕೊಂಡಷ್ಟೇ ಸಂಬಳವನ್ನು ಅವರ ಕೈಗೆ ಕೊಡುತ್ತದೆಯೇ? ಆರಾಧನೆಯಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಂಡವರು ಮದುವೆಯ ಮಾತು ಬಂದಾಗ ಜಾತಿ ಕೇಳುತ್ತಾರೆಯೇ? ಮನೆಗೆಲಸದವಳಿಗೆ ವಾರದ ರಜೆ ಇದೆಯೇ? ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಸರ್ಕಾರ, ಸಿನಿಮಾ, ಮೊಬೈಲ್ ಯಾವುದೂ ಅಡ್ಡಿಯಾಗಿಲ್ಲ. ನೆಟ್ಟಗಿನ ಉತ್ತರ ಕೊಡಬಲ್ಲ ಸಭೆ ಯಾವ ಲೋಕದಲ್ಲಿದ್ದರೂ ಪವಿತ್ರವಾಗಿ ಬಾಳಬಲ್ಲದು.