45 ದಿನದ ಕಾನೂನು ಅಂಗಡಿಯವನಿಗೆ ಯಾಕಿಲ್ಲ?

ಹೊಸಂಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಒಬ್ಬ ವ್ಯಾಪಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ತೊಕ್ಕೊಟ್ಟಿನ ಗುತ್ತಿಗೆದಾರನೊಬ್ಬನಿಗೆ 40,000 ರೂಪಾಯಿಯ ಪೈಪ್, ಫಿಟ್ಟಿಂಗ್ಸ್ ಕಡ ಕೊಟ್ಟಿದ್ದಾರೆ. ತಲಪಾಡಿ ದಾಟಿದರೆ ರಾಜ್ಯ ಬೇರೆ, ಹಾಗಾಗಿ ಶೇ. 18 ಐಜಿಎಸ್‌ಟಿ ಸೇರಿ ಬಿಲ್ 47,200. "ಬಿಲ್ ಪಾಸಾಗ್ಲಿ ಕಾಕ, ಮರುದಿನವೇ ಹಾಕ್ತೇನೆ" ಅಂದವನು ಎಂಟು ತಿಂಗಳಾದ ಮೇಲೆ ಫೋನೇ ಎತ್ತುತ್ತಿಲ್ಲ. ಆದರೆ 7,200 ತೆರಿಗೆಯನ್ನು ವ್ಯಾಪಾರಿ ಆಗಲೇ ರಿಟರ್ನ್‌ನಲ್ಲಿ ತೋರಿಸಿ ಕಟ್ಟಿಯಾಗಿದೆ. ಬಾಕಿ ಮುಳುಗಿಹೋದರೂ ಆ ತೆರಿಗೆಯನ್ನು ವಾಪಸ್ ಪಡೆಯುವ ದಾರಿ ಜಿಎಸ್‌ಟಿಯಲ್ಲಿಲ್ಲ.

ಬಿಟ್ಟುಬಿಡೋಣ ಅಂದರೆ ದೊಡ್ಡ ಮೊತ್ತ, ವಕೀಲರ ಹತ್ತಿರ ಹೋಗೋಣ ಅಂದರೆ ಸಣ್ಣ ಮೊತ್ತ. ಗಡಿಯ ಎರಡೂ ಬದಿಯ ಅಂಗಡಿಗಳ ಕಡದ ಪುಸ್ತಕ ತುಂಬಿರುವುದು ಇಂಥ ಲೆಕ್ಕಗಳಿಂದಲೇ.

ಸಣ್ಣ ಉದ್ದಿಮೆಗಳಿಗೆ ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ, ಒಪ್ಪಂದ ಏನೇ ಇರಲಿ, 45 ದಿನದೊಳಗೆ ಹಣ ಕೊಡಲೇಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೇಳಲು ಪ್ರತ್ಯೇಕ ಕೌನ್ಸಿಲ್, ಆನ್‌ಲೈನ್‌ನಲ್ಲಿ ಸಮಾಧಾನ್ ಪೋರ್ಟಲ್. ಆದರೆ ಇದೆಲ್ಲ ತಯಾರಿಕೆ ಮತ್ತು ಸೇವೆಯವರಿಗೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಚಿಲ್ಲರೆ, ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಕೊಟ್ಟಿತು, ದೊಡ್ಡ ಸುದ್ದಿಯೂ ಆಯಿತು. ಸಿಕ್ಕಿದ್ದು ಬ್ಯಾಂಕಿನ ಆದ್ಯತಾ ಸಾಲದ ಸೌಲಭ್ಯ ಮಾತ್ರ. ಬಾಕಿ ವಸೂಲಿಯ ರಕ್ಷಣೆ ಅದರೊಳಗೆ ಬರಲಿಲ್ಲ. ಸಾಲ ತೆಗೆಯಲು ಉದ್ಯಮಿ, ಸಾಲ ವಸೂಲಿ ಮಾಡಲು ಬರೀ ಅಂಗಡಿಯವ! ಪೈಪ್ ತಯಾರಿಸಿದವನಿಗೆ ಇರುವ ಹಕ್ಕು ಅದೇ ಪೈಪ್ ಮಾರಿದವನಿಗೆ ಇಲ್ಲ.

ಹಾಗಂತ ಕೈ ಪೂರ್ತಿ ಖಾಲಿಯಿಲ್ಲ. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಹಿಡಿತ ಜಿಎಸ್‌ಟಿಯಲ್ಲೇ ಇದೆ. ಬಿಲ್ ಆದ 180 ದಿನದೊಳಗೆ ಮಾರಿದವನಿಗೆ ಹಣ ಕೊಡದಿದ್ದರೆ, ಕೊಂಡವನು ಆ ಬಿಲ್ಲಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಎಂಟು ತಿಂಗಳು ಅಂದರೆ ಆ ಗಡುವು ದಾಟಿಯಾಗಿದೆ. ಗುತ್ತಿಗೆದಾರ ಕ್ರೆಡಿಟ್ ತೆಗೆದವನಾಗಿದ್ದರೆ, ಬಿಲ್ ನಂಬರ್ ಹಾಕಿ ಈ ನಿಯಮವನ್ನು ನೆನಪಿಸುವ ಒಂದು ರಿಜಿಸ್ಟರ್ಡ್ ಪತ್ರಕ್ಕೆ ಇಪ್ಪತ್ತು ಫೋನ್ ಕಾಲ್‌ಗಿಂತ ತೂಕ ಜಾಸ್ತಿ. ಅವನ ಅಕೌಂಟೆಂಟ್‌ಗೆ ವಿಷಯ ಕೂಡಲೇ ಅರ್ಥವಾಗುತ್ತದೆ.

ಚೆಕ್ ಕೊಟ್ಟಿದ್ದರೆ ಗಡಿಯ ತಲೆಬಿಸಿಯೂ ಕಡಿಮೆ. 2015ರ ತಿದ್ದುಪಡಿಯ ನಂತರ ಚೆಕ್ ಬೌನ್ಸ್ ಕೇಸನ್ನು ಹಣ ಪಡೆಯಬೇಕಾದವನ ಖಾತೆ ಇರುವ ಶಾಖೆಯ ವ್ಯಾಪ್ತಿಯಲ್ಲೇ ಹಾಕಬಹುದು. ಹೊಸಂಗಡಿಯವರು ಮಂಗಳೂರಿನ ಕೋರ್ಟಿಗೆ ಅಲೆಯಬೇಕಿಲ್ಲ. ಆದರೆ ದಿನಗಳ ಲೆಕ್ಕ ಬಿಗಿ: ಚೆಕ್ ಮೂರು ತಿಂಗಳೊಳಗೆ ಬ್ಯಾಂಕಿಗೆ ಹೋಗಬೇಕು, ಬೌನ್ಸ್ ಆದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿದ ಮೇಲೆ 15 ದಿನ ಕಾಯುವುದು, ನಂತರ ಒಂದು ತಿಂಗಳೊಳಗೆ ದೂರು. "ಈಗ ಹಾಕ್ಬೇಡಿ, ಮುಂದಿನ ವಾರ ಹಾಕಿ" ಅಂತ ಸತಾಯಿಸುವವನಿಗೆ ಈ ಲೆಕ್ಕ ಚೆನ್ನಾಗಿಯೇ ಗೊತ್ತಿರುತ್ತದೆ.

ಚೆಕ್ ಇಲ್ಲದವರು ಪೊಲೀಸ್ ಠಾಣೆಗೆ ಓಡಿದರೆ ಸಿವಿಲ್ ವ್ಯವಹಾರ ಅಂತ ವಾಪಸ್ ಕಳಿಸುವುದೇ ಹೆಚ್ಚು, ಅದು ತಪ್ಪೂ ಅಲ್ಲ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಎನ್ನಲು ಆಧಾರ ಇಲ್ಲದೆ ವಂಚನೆ ಕೇಸ್ ನಿಲ್ಲದು. ಜನ ಕಳಿಸಿ ಹೆದರಿಸಿದರೆ ಕೊಡಬೇಕಾದವನ ಬದಲು ಕೇಳಿದವನೇ ಆರೋಪಿ ಆಗುತ್ತಾನೆ. ಇಷ್ಟು ಮೊತ್ತಕ್ಕೆ ತಾಲೂಕು ಕಾನೂನು ಸೇವಾ ಸಮಿತಿಯೇ ಸರಿಯಾದ ಜಾಗ. ಕೇಸ್ ಹಾಕುವ ಮೊದಲೇ ಲೋಕ್ ಅದಾಲತ್‌ಗೆ ಅರ್ಜಿ ಕೊಡಬಹುದು, ಕೋರ್ಟ್ ಫೀ ಇಲ್ಲ. ಬಡ್ಡಿ ಬೇಡ ಅನ್ನುವವರು ಅಸಲಿನಷ್ಟೇ ಕಂತಿಗೆ ಒಪ್ಪಬಹುದು. ಅಲ್ಲಿ ಆದ ರಾಜಿಗೆ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಅಪೀಲಿಲ್ಲ. ಎದುರಿನವನು ಬರದಿದ್ದರೆ ಮಾತ್ರ ಏನೂ ನಡೆಯದು. ಆಗ ಉಳಿಯುವುದು ಸಿವಿಲ್ ದಾವೆ. ಕಾಸರಗೋಡಿನಲ್ಲಿ ಡಿಕ್ರಿ ಸಿಕ್ಕಿದರೂ ಆಸ್ತಿ ಕರ್ನಾಟಕದಲ್ಲಿದ್ದರೆ ಜಾರಿಗೆ ಅದನ್ನು ಅಲ್ಲಿನ ಕೋರ್ಟಿಗೆ ವರ್ಗಾಯಿಸಬೇಕು.

ದಾವೆಗೂ ಕಾಲಮಿತಿ ಇದೆ. ಕಡದ ಅವಧಿ ಗೊತ್ತು ಮಾಡದೆ ಮಾಲು ಕೊಟ್ಟಿದ್ದರೆ, ಕೊಟ್ಟ ದಿನದಿಂದ ಮೂರು ವರ್ಷ. ಅದರೊಳಗೆ "ಇಷ್ಟು ಬಾಕಿ ಇದೆ" ಅಂತ ಬರೆಸಿ ಸಹಿ ಹಾಕಿಸಿಕೊಂಡರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಬಾಯಿಮಾತಿಗೆ ಸಿಗುವುದಿಲ್ಲ. ಹೊಸಂಗಡಿಯ ಅಂಗಡಿಯಲ್ಲಿ ಸದ್ಯ ಇರುವುದು ಬಾಯಿಮಾತು ಮಾತ್ರ. ಉಳಿದಿರುವುದು ಎರಡು ವರ್ಷ ನಾಲ್ಕು ತಿಂಗಳು.