ಎಲೆಯ ಚಿತ್ರ ಸಾಕು, ವ್ಯಾಟ್ ಬರೆಯಿರಿ

2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಮನೆಬಳಕೆಯ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಗೆ ಚಾಲನೆ ಸಿಕ್ಕಿತು. ಮನೆಗಳ ಬಿಲ್ ಇಳಿಯಿತು, ಅಂಗಡಿಗಳದು ಇಳಿಯಲಿಲ್ಲ. ವಾಣಿಜ್ಯ ಮೀಟರ್ ಆ ಯೋಜನೆಯ ಹೊರಗಿದೆ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರುಗಳ ಝೆರಾಕ್ಸ್ ಅಂಗಡಿ, ಆನ್‌ಲೈನ್ ಸೇವಾ ಕೇಂದ್ರ, ತೊಗರಿ ವ್ಯಾಪಾರಿಯ ಲೆಕ್ಕದ ಕೋಣೆಗಳ ಮಟ್ಟಿಗೆ ಪ್ರತಿ ಯುನಿಟ್ಟೂ ಕಿಸೆಯಿಂದಲೇ ಹೋಗುವಂಥದ್ದು. ಫ್ಯಾನು, ದೀಪ ಆರಿಸಿ ಶಟರ್ ಎಳೆದ ಮೇಲೂ ಅಲ್ಲಿ ಮಿಣುಕುತ್ತಲೇ ಇರುವುದು, ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ನೆಟ್‌ವರ್ಕ್ ಸ್ವಿಚ್.

ಹಸಿರು ಎಲೆಯ ಚಿತ್ರ ಹೊತ್ತ 'ವಿದ್ಯುತ್ ಉಳಿತಾಯ'ದ ಸ್ವಿಚ್‌ಗಳು ಮಾರುಕಟ್ಟೆಯಲ್ಲಿವೆ. ಆ ಮಾತು ಸುಳ್ಳಲ್ಲ. ಗಿಗಾಬಿಟ್ ತಂತಿಯಲ್ಲಿ ದತ್ತಾಂಶ ಹರಿಯದಿದ್ದರೂ ಎರಡೂ ತುದಿಗಳು ಸಂಕೇತ ಕಳಿಸುತ್ತಲೇ ಇರುತ್ತವೆ. 2010ರಲ್ಲಿ ಒಪ್ಪಿಗೆಯಾದ ಐಇಇಇ 802.3ಎಝಡ್ ಮಾನದಂಡ, ಕೆಲಸವಿಲ್ಲದ ಹೊತ್ತಿನಲ್ಲಿ ತಂತಿ ಸಿಕ್ಕಿಸಿದ ಪೋರ್ಟ್ ಮಲಗಲು ಬಿಡುತ್ತದೆ. ಆದರೆ ತಂತಿಯ ಆಚೆ ತುದಿಯ ಯಂತ್ರವೂ ಇದನ್ನು ಬಲ್ಲದ್ದಾಗಿರಬೇಕು. ಹಳೆಯ ಕಂಪ್ಯೂಟರ್ ಇದ್ದರೆ ಎಲೆಯ ಚಿತ್ರ ಡಬ್ಬಿಯ ಮೇಲಷ್ಟೇ.

ಲೆಕ್ಕ ಹಾಕೋಣ. ಎಂಟು ಪೋರ್ಟಿನ ಸಣ್ಣ ಸ್ವಿಚ್ ತಿನ್ನುವುದು ಹೆಚ್ಚೆಂದರೆ 5 ವ್ಯಾಟ್, ವರ್ಷಕ್ಕೆ ಸುಮಾರು 44 ಯುನಿಟ್. ಮಲಗುವ ಗುಣದಿಂದ ಒಂದು ವ್ಯಾಟ್ ಉಳಿದರೆ 9 ಯುನಿಟ್. ಯುನಿಟ್‌ಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 70 ರೂಪಾಯಿ. ಅದೇ ಅಂಗಡಿಗೆ ಯಾರೋ 'ಮುಂದೆ ಬೇಕಾದೀತು' ಎಂದು ಹಳೆಯ 24 ಪೋರ್ಟಿನದನ್ನು ಕೂರಿಸಿದ್ದರೆ? ಅದು 20 ವ್ಯಾಟ್ ಎಳೆಯುವಂಥದ್ದಾದರೆ ವ್ಯತ್ಯಾಸ 15 ವ್ಯಾಟ್, ವರ್ಷಕ್ಕೆ 131 ಯುನಿಟ್, ಸಾವಿರ ರೂಪಾಯಿಗೂ ಮೇಲೆ. ಮೂರು ಕಂಪ್ಯೂಟರಿನ ಅಂಗಡಿಗೆ 24 ಪೋರ್ಟು, ಇಬ್ಬರ ಮನೆಗೆ ಮದುವೆಯ ಹಂಡೆ ಇಟ್ಟಂತೆ.

ಬಿಲ್ಲಿಗಿಂತ ದೊಡ್ಡ ಮಾತು ಕರೆಂಟು ಹೋದಾಗಿನದು. ಲ್ಯಾಪ್‌ಟಾಪ್‌ಗೆ ಅದರದೇ ಬ್ಯಾಟರಿ ಇದೆ. ಮೊದಲು ಸಾಯುವುದು ನೆಟ್. ಸಣ್ಣ ಯುಪಿಎಸ್‌ನೊಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದೇ 84 ವ್ಯಾಟ್-ಅವರ್. ರೌಟರ್, ಸ್ವಿಚ್ ಸೇರಿ 30 ವ್ಯಾಟ್ ಇದ್ದದ್ದು 15ಕ್ಕೆ ಇಳಿದರೆ, ಯುಪಿಎಸ್‌ನ ಸ್ವಂತ ಖರ್ಚು ಕಳೆದರೂ, ಪಹಣಿಗೆ ಬಂದ ರೈತ ಕೈಬೀಸಿ ಮರಳದಷ್ಟು ಹೊತ್ತು ಸಿಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನಿಲ್ಲದ ಸ್ವಿಚ್‌ಗೆ ಇನ್ನೊಂದು ಅನುಕೂಲ: ದೂಳು ಎಳೆದುಕೊಳ್ಳುವ, ಕೆಟ್ಟು ನಿಲ್ಲುವ ಭಾಗವೇ ಅದರಲ್ಲಿಲ್ಲ.

ಕ್ಯಾಮೆರಾಗೂ ತಂತಿಯಲ್ಲೇ ಕರೆಂಟು ಕೊಡುವ ಪಿಒಇ ಸ್ವಿಚ್‌ನ ಕಥೆ ಬೇರೆ. ಡಬ್ಬಿಯ ಮೇಲೆ 65 ವ್ಯಾಟ್ ಎಂದಿದ್ದರೆ, ಅದು ಹಂಚಬಲ್ಲ ಗರಿಷ್ಠ. ಎಷ್ಟು ಕ್ಯಾಮೆರಾ ಇದೆಯೋ ಅದಕ್ಕೆ ತಕ್ಕಂತೆ ಖರ್ಚು. ಅಲ್ಲಿ ಚಿತ್ರ ಹಗಲಿರುಳು ಹರಿಯುವುದರಿಂದ ಪೋರ್ಟ್‌ಗೆ ನಿದ್ದೆಗೂ ಬಿಡುವು ಕಡಿಮೆ.

ಗ್ರಾಹಕ ಇಷ್ಟೆಲ್ಲ ತಿಳಿದು ಕೊಳ್ಳಲಿ ಎನ್ನುವುದು ಅನ್ಯಾಯ. ಫ್ರಿಜ್‌ಗೆ, ಎಸಿಗೆ ನಕ್ಷತ್ರ ಅಂಟಿಸುವ ಇಂಧನ ದಕ್ಷತಾ ಬ್ಯೂರೊ, ಸ್ವಿಚ್ ಖಾಲಿ ಕೂತಾಗ ಎಷ್ಟು ವ್ಯಾಟ್, ಎಲ್ಲ ಪೋರ್ಟ್ ತುಂಬಿದಾಗ ಎಷ್ಟು ಎಂಬ ಎರಡು ಅಂಕಿಗಳನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಲಿ. ಶುರು ಸರ್ಕಾರಿ ಟೆಂಡರ್‌ನಿಂದಲೇ ಆಗಬಹುದು. ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಒಂದೊಂದರಲ್ಲೂ 15 ವ್ಯಾಟ್ ಉಳಿದರೆ ವರ್ಷಕ್ಕೆ ಹತ್ತಿರಹತ್ತಿರ 8 ಲಕ್ಷ ಯುನಿಟ್. ಟೆಂಡರ್‌ಗೆ ಸೇರಿಸಬೇಕಾದ್ದು ಎರಡೇ ಸಾಲು: ಕೋಣೆಗೆ ತಕ್ಕ ಪೋರ್ಟು, ಮೀರಬಾರದ ವ್ಯಾಟು.